ನೋಟಭೇದವೂ ಸತ್ಯದ ಆಳವೂ

ತೋರಣಗಲ್ಲಿನ ಬಯಲಿನಲ್ಲಿ ನಿಂತು ನೈಋತ್ಯದ ಕಡೆಗೆ ಕಣ್ಣು ಹಾಯಿಸಿದವನಿಗೆ ಸಂಡೂರಿನ ಬೆಟ್ಟಸಾಲು ಆಕಾಶದ ಅಂಚಿನಲ್ಲಿ ಎಳೆದ ಒಂದೇ ರೇಖೆಯಾಗಿ ಕಾಣುತ್ತದೆ. ಯಾವ ನೆತ್ತಿ ಹತ್ತಿರದ್ದು, ಯಾವುದು ದೂರದ್ದು, ಎರಡರ ನಡುವೆ ಕಣಿವೆಯುಂಟೆ ಇಲ್ಲವೆ ಎಂಬುದನ್ನು ಆ ರೇಖೆ ಹೇಳದು. ಅಷ್ಟು ದೂರದ ವಸ್ತುವಿನ ವಿಷಯದಲ್ಲಿ ನಮ್ಮ ಎರಡು ಕಣ್ಣುಗಳ ನಡುವಣ ಸುಮಾರು ಆರೂವರೆ ಸೆಂಟಿಮೀಟರಿನ ಅಂತರ ಏನೇನೂ ಸಾಲದು. ಆದರೆ ಅದೇ ಮನುಷ್ಯನು ರೈಲು ಹತ್ತಿ ಗಾದಿಗನೂರು, ಪಾಪಿನಾಯಕನಹಳ್ಳಿಗಳ ಮಾರ್ಗವಾಗಿ ಹೊಸಪೇಟೆಯತ್ತ ಸಾಗುತ್ತ ಎಡಗಡೆಯ ಕಿಟಕಿಯಿಂದ ಆ ಸಾಲನ್ನೇ ನೋಡುತ್ತಿದ್ದರೆ, ಹತ್ತಿರದ ಗುಡ್ಡಗಳು ಬೇಗಬೇಗನೆಯೂ ದೂರದವು ಸಾವಕಾಶವಾಗಿಯೂ ಹಿಂದೆ ಸರಿಯಹತ್ತಿ, ಒಂದಾಗಿದ್ದ ರೇಖೆ ಬಿಚ್ಚಿಕೊಂಡು ಸಾಲಿನ ಹಿಂದೆ ಸಾಲಾಗಿ, ನಡುವೆ ಕಣಿವೆಗೆ ಎಡೆಗೊಟ್ಟು ನಿಲ್ಲುತ್ತದೆ. ಬೆಟ್ಟ ಬದಲಾಗಲಿಲ್ಲ, ನೋಡುವವನ ನೆಲೆ ಬದಲಾಯಿತು. ಹಿಂದಿನ ನೆಲೆಯ ನೋಟಕ್ಕೂ ಇಂದಿನ ನೆಲೆಯ ನೋಟಕ್ಕೂ ಹೊಂದಿಕೆಯಾಗದೆ ಹೋದುದರಿಂದಲೇ ಬೆಟ್ಟದ ಆಳ ತಿಳಿಯಿತು.

ಈ ಸಾಮಾನ್ಯವಾದ ಅನುಭವದಲ್ಲಿ ಧರ್ಮಜಿಜ್ಞಾಸೆಯ ಬಹು ಹಳೆಯ ಪ್ರಶ್ನೆಯೊಂದು ಅಡಗಿದೆ. ಇಬ್ಬರು ಸತ್ಯವಂತರು, ಇಬ್ಬರೂ ತಪಸ್ವಿಗಳು, ಸುಳ್ಳಾಡಿ ಗಳಿಸಬೇಕಾದ್ದು ಏನೂ ಇಲ್ಲದವರು, ಒಂದೇ ಪರತತ್ತ್ವವನ್ನು ಕುರಿತು ಪರಸ್ಪರ ಹೊಂದದ ಮಾತುಗಳನ್ನಾಡಿದರೆ, ಕೇಳುವ ನಾವು ಏನು ಮಾಡತಕ್ಕದ್ದು? ರೂಢಿಯಲ್ಲಿ ಮೂರು ಉತ್ತರಗಳುಂಟು. ಒಬ್ಬನದು ದರ್ಶನ, ಮತ್ತೊಬ್ಬನದು ಭ್ರಾಂತಿ ಎಂಬುದು ಮತಾಭಿಮಾನಿಯ ಉತ್ತರ. ಇಬ್ಬರ ಸಾಕ್ಷ್ಯವೂ ಹೊಂದದಿರುವುದರಿಂದ ಇಬ್ಬರೂ ಭ್ರಾಂತರೆಂಬುದು ಸಂಶಯವಾದಿಯ ಉತ್ತರ. ಇಬ್ಬರೂ ಹೇಳುತ್ತಿರುವುದು ಒಂದನ್ನೇ, ಭೇದವೆಲ್ಲ ಬರಿಯ ಮಾತಿನದು ಎಂಬುದು ಶಾಂತಿಪ್ರಿಯನ ಉತ್ತರ. ಮೂವರೂ ಒಬ್ಬರನ್ನೊಬ್ಬರು ಒಪ್ಪದವರಾದರೂ ಒಂದು ವಿಷಯದಲ್ಲಿ ಏಕಾಭಿಪ್ರಾಯರು: ನೋಟಗಳ ಭೇದವೆಂಬುದು ಒಂದು ದೋಷ, ಅದನ್ನು ಹೇಗಾದರೂ ಕಳೆಯಬೇಕು. ಈ ಒಮ್ಮತವೇ ತಪ್ಪೆಂದು ನಾನು ನಂಬಿದ್ದೇನೆ. ಭೇದವು ಜ್ಞಾನಕ್ಕೆ ಬಂದ ವಿಘ್ನವಲ್ಲ, ಕ್ರಮವರಿತು ಬಳಸಿಕೊಂಡಲ್ಲಿ ಅದು ಜ್ಞಾನದ ಸಾಧನವೇ ಆಗಿದೆ. ಈ ಮಾತಿಗೆ ನಮ್ಮ ಕಾಲದಲ್ಲಿ ದೊರೆತ ಅತ್ಯಂತ ಸ್ಪಷ್ಟವಾದ ದೃಷ್ಟಾಂತವೆಂದರೆ, ಗ್ರಹಗಳನ್ನೂ ಉಪಗ್ರಹಗಳನ್ನೂ ಸುತ್ತುವ ನೌಕೆಗಳು ಒಂದೇ ನೆಲವನ್ನು ಎರಡು ಕೋನಗಳಿಂದ ಚಿತ್ರಿಸಿ, ಆ ಚಿತ್ರಗಳ ಜೋಡಿಯಿಂದ ಬೆಟ್ಟ ಕಣಿವೆಗಳ ಎತ್ತರವನ್ನೂ ಆಳವನ್ನೂ ತಿಳಿಯುವ ವಿದ್ಯೆ.

ಈ ವಿದ್ಯೆಯ ಮೂಲ ನಮ್ಮ ಮುಖದಲ್ಲಿಯೇ ಇದೆ. ಬಲಗಣ್ಣು ಪಡೆಯುವ ಬಿಂಬವೂ ಎಡಗಣ್ಣು ಪಡೆಯುವ ಬಿಂಬವೂ ಒಂದಲ್ಲವೆಂಬುದು ಹಿಂದಿನವರಿಗೂ ತಿಳಿದಿತ್ತು. ಆದರೆ ಆ ವ್ಯತ್ಯಾಸದಿಂದಲೇ ಆಳದ ಅರಿವು ಹುಟ್ಟುತ್ತದೆಂದು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಚಾರ್ಲ್ಸ್ ವ್ಹೀಟ್‌ಸ್ಟನ್. ಒಂದು ಘನಾಕೃತಿಯನ್ನು ಎಡಗಣ್ಣಿಗೆ ಕಾಣುವಂತೆ ಒಂದು ಹಾಳೆಯಲ್ಲಿಯೂ ಬಲಗಣ್ಣಿಗೆ ಕಾಣುವಂತೆ ಮತ್ತೊಂದರಲ್ಲಿಯೂ ಬರಿಯ ಗೆರೆಗಳಿಂದ ಬರೆದು, ಎರಡು ಕನ್ನಡಿಗಳ ಮೂಲಕ ಆಯಾ ಕಣ್ಣಿಗೆ ಆಯಾ ಚಿತ್ರವನ್ನೇ ತೋರಿಸಿದಾಗ, ಹಾಳೆಗಳು ಮರೆಯಾಗಿ ಘನಾಕೃತಿ ಎದುರಿಗೆ ನಿಂತಿತು. ಇದನ್ನು ಅವನು 1838ರಲ್ಲಿ ಪ್ರಕಟಿಸಿದನು. ಕೆಲವೇ ದಶಕಗಳಲ್ಲಿ ವಾರೆನ್ ಡಿ ಲಾ ರೂ ಎಂಬಾತನು ಅದೇ ಉಪಾಯವನ್ನು ಚಂದ್ರನಿಗೆ ಅನ್ವಯಿಸಿದನು. ಚಂದ್ರನು ಭೂಮಿಗೆ ಒಂದೇ ಮುಖವನ್ನು ತೋರುತ್ತಾನಾದರೂ ಆ ಮುಖ ಅತ್ತಿತ್ತ ಸ್ವಲ್ಪ ತೊನೆಯುತ್ತದೆ. ಬೇರೆಬೇರೆ ಕಾಲದಲ್ಲಿ, ಬೆಳಕು ಒಂದೇ ಬಗೆಯಾಗಿರುವಾಗ, ಆದರೆ ತೊನೆತ ಬೇರೆಯಾಗಿರುವಾಗ ತೆಗೆದ ಎರಡು ಛಾಯಾಚಿತ್ರಗಳನ್ನು ಜೋಡಿಸಿದರೆ, ಆಕಾಶದಲ್ಲಿ ತಟ್ಟೆಯಂತೆ ತೋರುವ ಚಂದ್ರನು ಗೋಳವಾಗಿ ಉಬ್ಬಿ ಬರುತ್ತಾನೆ. ಇಡೀ ಭೂಮಿಯೇ ಒಂದು ಶಿರಸ್ಸಾಗಿದ್ದರೂ ದೊರೆಯಲಾರದ ಕಣ್ಣಂತರವನ್ನು ಕಾಲವೇ ಅಲ್ಲಿ ಒದಗಿಸಿಕೊಟ್ಟಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಎರಡು ಹೆಜ್ಜೆಗಳಲ್ಲಿ ಆಕಾಶಕ್ಕೇರಿತು. ಬೆಂಗಳೂರಿನಲ್ಲಿ ಕೇಂದ್ರಸ್ಥಾನವುಳ್ಳ ಇಸ್ರೋ ಸಂಸ್ಥೆಯು 2005ರ ಮೇ 5ರಂದು ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮರಾಗಳಿದ್ದುವು: ಒಂದು ಸಾಗುವ ದಿಕ್ಕಿನಲ್ಲಿ ಮುಂದಕ್ಕೆ 26 ಡಿಗ್ರಿ ಬಾಗಿ, ಮತ್ತೊಂದು ಹಿಂದಕ್ಕೆ 5 ಡಿಗ್ರಿ ಬಾಗಿ, 618 ಕಿಲೋಮೀಟರ್ ಎತ್ತರದಿಂದ ಎರಡೂವರೆ ಮೀಟರಿನಷ್ಟು ಸೂಕ್ಷ್ಮವನ್ನು ಗುರುತಿಸುತ್ತ ಒಂದೇ ನೆಲವನ್ನು ಒಂದು ನಿಮಿಷದೊಳಗೆ ಎರಡು ಸಲ ನೋಡುತ್ತಿದ್ದುವು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಭೂರಚನಾ ಕ್ಯಾಮರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 25 ಡಿಗ್ರಿ ಮುಂದಕ್ಕೆ, ನೇರ ಕೆಳಕ್ಕೆ, 25 ಡಿಗ್ರಿ ಹಿಂದಕ್ಕೆ ಎಂದು ಮೂರು ನೋಟಗಳನ್ನು ಕೂಡಿಸಿಕೊಂಡಿತು. ನೌಕೆ ಚಂದ್ರನ ಮೇಲೆ 100 ಕಿಲೋಮೀಟರ್ ಎತ್ತರದಲ್ಲಿ ಸಾಗುತ್ತಿರುವಾಗ, 20 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿರುವ ಒಂದು ಕುಳಿಯನ್ನು ಮೊದಲು ಮುಂದಣ ನೋಟ ಎದುರಿನಿಂದ ಕಾಣುತ್ತದೆ; ಅರ್ಧ ನಿಮಿಷ ಕಳೆದು ನಡುವಣ ನೋಟ ಅದರ ನೆತ್ತಿಯ ಮೇಲೆ ಬರುತ್ತದೆ; ಮತ್ತೆ ಅರ್ಧ ನಿಮಿಷಕ್ಕೆ ಹಿಂದಣ ನೋಟ ಅದನ್ನು ಆಚೆಯ ಕಡೆಯಿಂದ ತಿರುಗಿ ನೋಡುತ್ತದೆ. ಸಮತಟ್ಟಾದ ನೆಲದ ಗುರುತುಗಳು ಮೂರು ಚಿತ್ರಗಳಲ್ಲಿಯೂ ಒಂದಕ್ಕೊಂದು ಕೂಡುತ್ತವೆ; ಎತ್ತರವುಳ್ಳದ್ದು ಮಾತ್ರ ತನ್ನ ಎತ್ತರಕ್ಕೆ ತಕ್ಕಷ್ಟು ಸ್ಥಾನಪಲ್ಲಟಗೊಳ್ಳುತ್ತದೆ. ಮುಂದಣ ಹಿಂದಣ ಚಿತ್ರಗಳ ನಡುವೆ ಒಂದು ಬಿಂದುವಿನಷ್ಟು, ಎಂದರೆ ನೆಲದ ಮೇಲಿನ 5 ಮೀಟರಿನಷ್ಟು, ಪಲ್ಲಟ ಕಂಡರೆ, ಅಲ್ಲಿ 5 ಮೀಟರಿಗೆ ತುಸು ಹೆಚ್ಚಿನ ಎತ್ತರವುಂಟೆಂದು ಲೆಕ್ಕ. ಚಿತ್ರಗಳು ಎಲ್ಲಿ ಒಪ್ಪುತ್ತವೆಯೋ ಅಲ್ಲಿ ನೆಲ ಚಪ್ಪಟೆ; ಎಲ್ಲಿ ಒಪ್ಪವೋ ಅಲ್ಲಿ ಬೆಟ್ಟ.

ಈ ಲೆಕ್ಕ ಪಂಡಿತರ ವಿನೋದವಲ್ಲ. ಚಂದ್ರಯಾನ-2ರ ಕಕ್ಷಾನೌಕೆಯಲ್ಲಿದ್ದ, ಕಾಲು ಮೀಟರಿನಷ್ಟು ಸೂಕ್ಷ್ಮವನ್ನು ಕಾಣಬಲ್ಲ ಕ್ಯಾಮರಾದ ಚಿತ್ರಗಳಿಂದ ಇಳಿದಾಣದ ನೆಲವನ್ನು ಮೊದಲೇ ಪರಿಶೋಧಿಸಿ, ಗುಂಡುಗಳೆಷ್ಟು ಕುಳಿಗಳೆಷ್ಟು ಇಳಿಜಾರೆಷ್ಟು ಎಂಬುದನ್ನು ಅಳೆದ ಮೇಲೆಯೇ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ ತನ್ನ ನಾಲ್ಕು ಕಾಲುಗಳನ್ನೂರಿತು. ಅದರಿಂದ ಕೆಳಗಿಳಿದ ಪ್ರಜ್ಞಾನ್ ಬಂಡಿಗೆ ಬೆಂಗಳೂರಿನ ಪೀಣ್ಯದ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಎರಡು ದಾರಿಗಣ್ಣುಗಳಿದ್ದುವು. ಎಡಗಣ್ಣಿನ ಚಿತ್ರವನ್ನು ಕೆಂಪಿನಲ್ಲಿ, ಬಲಗಣ್ಣಿನದನ್ನು ನೀಲಿ ಹಸುರುಗಳಲ್ಲಿ ಒಂದರ ಮೇಲೊಂದು ಮುದ್ರಿಸಿ ಇಸ್ರೋ ಸಂಸ್ಥೆಯು ಆ ಸೆಪ್ಟೆಂಬರಿನಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದ ಪಟವನ್ನು, ಒಂದು ಕಣ್ಣಿಗೆ ಕೆಂಪು ಮತ್ತೊಂದಕ್ಕೆ ತಿಳಿನೀಲಿ ಹಾಳೆಯುಳ್ಳ ಕನ್ನಡಕ ಹಾಕಿಕೊಂಡು ನೋಡಿದವರಿಗೆ, ವಿಕ್ರಮ್ ನಿಂತ ನೆಲದ ಏರುತಗ್ಗುಗಳು ಎದುರಿಗೆ ಎದ್ದುಬಂದುವು.

ಈ ವಿದ್ಯೆಯ ತಾತ್ತ್ವಿಕ ಸ್ವಾರಸ್ಯವನ್ನು ಅರಿಯಬೇಕಾದರೆ ಚಂದ್ರನವರೆಗೆ ಹೋಗಬೇಕಾದ್ದಿಲ್ಲ. ಸಂಡೂರಿನ ನೆಲವೇ ಸಾಕು. ಕಬ್ಬಿಣದ ಅದಿರಿನ ಬೆಟ್ಟಗಳನ್ನು ಮೇಲಿನಿಂದ ತೆಗೆದ ಒಂದೇ ಒಂದು ಚಿತ್ರವನ್ನು ಮೇಜಿನ ಮೇಲೆ ಹರಡಿದರೆ, ಹಸುರಿನ ನಡುವೆ ಕೆಂಪು ಕಲೆಗಳು ಕಾಣುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ತೋಡಿದ ಗಣಿಗುಂಡಿಯೂ ಕೆಂಪು ಕಲೆಯೇ; ಅಗೆದು ತೆಗೆದ ಮಣ್ಣನ್ನು ಪದರ ಪದರವಾಗಿ ಸುರಿದ ದಿಬ್ಬವೂ ಕೆಂಪು ಕಲೆಯೇ. ಎರಡಕ್ಕೂ ಸುತ್ತುವರಿದ ಅಂಚುಗಳು, ಎರಡಕ್ಕೂ ಲಾರಿ ಏರಿಳಿದ ದಾರಿಯ ಸುರುಳಿ. ಯಾವುದು ಬೆಟ್ಟ ಕಳೆದುಕೊಂಡದ್ದು, ಯಾವುದು ಬಯಲಿಗೆ ಹೇರಿದ್ದು ಎಂದು ನಿರ್ಣಯಿಸುವುದು ಆ ಒಂದು ಚಿತ್ರದಿಂದ ಕಷ್ಟ. ಈಗ ಅದೇ ನೆಲವನ್ನು ಬೇರೊಂದು ನೆಲೆಯಿಂದ ತೆಗೆದ ಎರಡನೆಯ ಚಿತ್ರವನ್ನು ಪಕ್ಕದಲ್ಲಿಟ್ಟು, ಎರಡರ ಮೇಲೂ ಸ್ಟೀರಿಯೋಸ್ಕೋಪೆಂಬ ಜೋಡಿನೋಟದ ಉಪಕರಣವನ್ನು ನಿಲ್ಲಿಸಿ, ಮಸೂರಗಳಿಗೆ ಕಣ್ಣು ಕೊಟ್ಟು ನೋಡಬೇಕು. ಮೊದಲು ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಕಣ್ಣಿಗೆ ಸ್ವಲ್ಪ ಆಯಾಸವಾಗುತ್ತದೆ. ಒಂದು ಹಾಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ತಾಳ್ಮೆಯಿಂದ ಕಾದರೆ, ಎರಡು ಕೆಂಪು ಕಲೆಗಳು ತೇಲಿಬಂದು ಒಂದರೊಳಗೊಂದು ಕೂಡಿಕೊಂಡ ಕ್ಷಣದಲ್ಲಿ, ಹಾಳೆ ಹಾಳೆಯಾಗಿ ಉಳಿಯದೆ ನೆಲವಾಗುತ್ತದೆ. ಗುಂಡಿ ಕೆಳಕ್ಕೆ ಕುಸಿಯುತ್ತದೆ, ದಿಬ್ಬ ಮೇಲಕ್ಕೇಳುತ್ತದೆ, ಭೀಮಗಂಡಿ ಓಬಳಗಂಡಿಗಳಲ್ಲಿ ಬೆಟ್ಟದ ಗೋಡೆ ಸೀಳಿ ಬಾಯ್ದೆರೆಯುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ತೋಡಿದ್ದೆಷ್ಟು, ಎಲ್ಲೆ ಮೀರಿದ್ದೆಷ್ಟು ಎಂಬುದನ್ನು ಅಳೆಯಿಸಿದ ಕಾಲವನ್ನು ಕಂಡ ಈ ಸೀಮೆಯವರಿಗೆ, ತಗ್ಗು ಯಾವುದು ಉಬ್ಬು ಯಾವುದು ಎಂಬ ಪ್ರಶ್ನೆ ಬರಿಯ ದೃಷ್ಟಿಶಾಸ್ತ್ರದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ಮೇಜಿನ ಮೇಲೆ ಇನ್ನೊಂದು ಪರೀಕ್ಷೆಯನ್ನು ಮಾಡಬಹುದು. ಎಡದ ಚಿತ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ಇಟ್ಟರೆ, ಚಿತ್ರಗಳಲ್ಲಿ ಒಂದು ಗೆರೆಯೂ ವ್ಯತ್ಯಾಸವಾಗಿರುವುದಿಲ್ಲ. ಆದರೆ ಲೋಕವೇ ತಲೆಕೆಳಗಾಗುತ್ತದೆ. ಸಂಡೂರಿನ ಕಣಿವೆ ದಿಣ್ಣೆಯಾಗುತ್ತದೆ. ನಾರಿಹಳ್ಳ ಆ ದಿಣ್ಣೆಯ ನೆತ್ತಿಯ ಮೇಲೆ ಹರಿಯತೊಡಗುತ್ತದೆ. ಕುಮಾರಸ್ವಾಮಿ ಬೆಟ್ಟ ಪಾತಾಳಕ್ಕಿಳಿಯುತ್ತದೆ. ತೋಡಿದ ಗಣಿಗುಂಡಿ ಎತ್ತರವಾದ ಗಿರಿಯಾಗಿ ಮೆರೆಯುತ್ತದೆ. ಸಾಮಗ್ರಿಯಲ್ಲಿ ಸುಳ್ಳಿಲ್ಲ, ಯಾವುದು ಎಲ್ಲಿಂದ ಕಂಡ ನೋಟವೆಂಬುದನ್ನು ಮರೆತುದರಿಂದ ಇಡೀ ದರ್ಶನ ಸುಳ್ಳಾಯಿತು. ಮತಗಳ ಮಾತುಗಳನ್ನು ಅವುಗಳ ನೆಲೆಯಿಂದ ಕಿತ್ತು, ಭಕ್ತನು ಹೇಳಿದ್ದನ್ನು ತಾರ್ಕಿಕನ ಬಾಯಿಗೂ ತಾರ್ಕಿಕನು ಹೇಳಿದ್ದನ್ನು ಭಕ್ತನ ಬಾಯಿಗೂ ಕೊಟ್ಟು ಆಡುವ ವಾದಗಳಲ್ಲಿ, ಉದ್ಧರಿಸಿದ ವಾಕ್ಯಗಳೆಲ್ಲ ಸರಿಯಾಗಿದ್ದೂ ತಾತ್ಪರ್ಯ ವಿಪರೀತವಾಗುವುದು ಇದೇ ಕಾರಣದಿಂದ.

ಏಕನೋಟದ ಗುಣದೋಷಗಳನ್ನೂ ಇಲ್ಲಿಯೇ ನ್ಯಾಯವಾಗಿ ತೂಗಿನೋಡಬೇಕು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂದಣ ಕತ್ತಲೆಯ ಕೋಣೆಯೊಂದರಲ್ಲಿ, ಸಣ್ಣ ಕಿಂಡಿಯಿಂದ ನುಸುಳಿದ ಬೆಳಕು ಮೂಡಣದ ಒಂಬತ್ತು ನೆಲೆಗಳ ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುತ್ತದೆ. ಅದು ಅತ್ಯಂತ ಪ್ರಾಮಾಣಿಕವಾದ ಚಿತ್ರ. ಯಾವ ಕುಂಚವೂ ಯಾವ ಅಭಿಪ್ರಾಯವೂ ನಡುವೆ ಬಂದಿಲ್ಲ. ಆದರೂ ಆ ಗೋಡೆಯ ಮೇಲಿನ ಗೋಪುರಕ್ಕೆ ಮುಂಭಾಗವುಂಟೇ ಹೊರತು ಗಾತ್ರವಿಲ್ಲ. ಪ್ರಾಮಾಣಿಕತೆ ಒಂದು ಗುಣ, ಪೂರ್ಣತೆ ಮತ್ತೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಬಾರದು. ಅಪೂರ್ಣವಾದ ನೋಟವನ್ನು ಪೂರ್ಣವೆಂದು ಗ್ರಹಿಸಿದರೆ ಆಗುವ ಪ್ರಮಾದಕ್ಕೆ ಮಂಗಳಗ್ರಹದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 1976ರಲ್ಲಿ ವೈಕಿಂಗ್-1 ನೌಕೆ ಓರೆಯಾದ ಬಿಸಿಲಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಸೈಡೋನಿಯ ಪ್ರದೇಶದ ದಿಬ್ಬವೊಂದು ಮನುಷ್ಯನ ಮುಖದಂತೆ ಕಂಡುದರಿಂದ, ಅದು ಯಾವುದೋ ಪ್ರಾಚೀನ ಜನಾಂಗದ ಕೃತಿಯೆಂದು ಅನೇಕರು ದಶಕಗಳ ಕಾಲ ನಂಬಿದರು. 1998ರಲ್ಲಿಯೂ 2001ರಲ್ಲಿಯೂ ಮಾರ್ಸ್ ಗ್ಲೋಬಲ್ ಸರ್ವೇಯರ್ ಬೇರೆ ಬೆಳಕಿನಲ್ಲಿ ಮತ್ತಷ್ಟು ಸೂಕ್ಷ್ಮವಾಗಿ ನೋಡಿದಾಗ, ಆಮೇಲೆ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ಜೋಡಿನೋಟದ ಕ್ಯಾಮರಾ ಅದರ ಎತ್ತರಗಳನ್ನು ಅಳೆದಾಗ, ಮುಖ ಹೋಗಿ ಗಾಳಿ ಸವೆಸಿದ ಗುಡ್ಡ ಉಳಿಯಿತು. ಒಂದು ನೋಟವನ್ನೇ ನೆಚ್ಚಿದ ಭಕ್ತಿ ತನ್ನ ಮುಖವನ್ನೇ ಕಲ್ಲಿನಲ್ಲಿ ಕಾಣಬಹುದೆಂಬ ಎಚ್ಚರ ಧರ್ಮಕ್ಕೂ ಬೇಕು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ. ಸ್ಟೀರಿಯೋಸ್ಕೋಪಿನ ಕೆಳಗಿರುವುದು ಎರಡು ಚಪ್ಪಟೆಯಾದ ಹಾಳೆಗಳು. ಆಳ ಮೊದಲನೆಯದರಲ್ಲಿಲ್ಲ, ಎರಡನೆಯದರಲ್ಲಿಯೂ ಇಲ್ಲ. ಎರಡರಲ್ಲಿಯೂ ಇಲ್ಲದ್ದು ಕೂಡಿದಾಗ ತೋರಿತೆಂದರೆ, ಅದು ಹಗ್ಗದಲ್ಲಿ ತೋರುವ ಹಾವಿನಂತೆ ಮನಸ್ಸಿನ ಕಲ್ಪನೆಯಲ್ಲದೆ ಮತ್ತೇನು? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಳವನ್ನು ತೋರಿಸಿಕೊಡುವುದು ಮನಸ್ಸೇ. ಮನಸ್ಸು ಕೂಡಿಸದಿದ್ದರೆ ಹಾಳೆಗಳು ಹಾಳೆಗಳಾಗಿಯೇ ಇರುತ್ತವೆ. ಆದರೆ ಮನಸ್ಸು ಕೂಡಿಸಿದ್ದೆಲ್ಲ ಮನಸ್ಸು ಸೃಷ್ಟಿಸಿದ್ದಲ್ಲ. ಕಲ್ಪನೆಯಾಗಿದ್ದರೆ ಅದು ಇಷ್ಟ ಬಂದಂತೆ ಆಗಬೇಕಾಗಿತ್ತು. ಇಲ್ಲಿಯಾದರೋ ಚಿತ್ರಗಳನ್ನು ಅದಲುಬದಲು ಮಾಡಿದರೆ ಆಕಾರ ನಿಯಮಬದ್ಧವಾಗಿ ತಿರುವುಮುರುವಾಗುತ್ತದೆ. ಎಷ್ಟು ಜನ ಅಳೆದರೂ ಎತ್ತರ ಒಂದೇ ಬರುತ್ತದೆ. ಚಂದ್ರಯಾನ-1ರಲ್ಲಿಯೇ ಇದ್ದ ಲೇಸರ್ ಕಿರಣದ ಅಳತೆಯಂಥ ಬೇರೊಂದು ಪ್ರಮಾಣದಿಂದ ಅದನ್ನು ಪರೀಕ್ಷಿಸಲು ಬರುತ್ತದೆ. ಕಡೆಗೆ, ಆ ಲೆಕ್ಕವನ್ನು ನಂಬಿ ಇಳಿದ ನೌಕೆ ಉರುಳದೆ ನಿಲ್ಲುತ್ತದೆ. ಹಾವು ಹೆದರಿಸಬಲ್ಲುದೇ ಹೊರತು ಭಾರ ಹೊರಲಾರದು. ಈ ಆಳವಾದರೋ ಭಾರ ಹೊರುತ್ತದೆ. ಇಷ್ಟರಿಂದ ಜಗತ್ತಿನ ಸತ್ಯತ್ವ ಸಿದ್ಧವಾಯಿತೆಂದು ನಾನು ಹೇಳಲಾರೆ. ವ್ಯವಹಾರದಲ್ಲಿ ಇದೆಲ್ಲವನ್ನೂ ಒಪ್ಪಿಯೇ ಅದ್ವೈತಿಯು ಪರಮಾರ್ಥವನ್ನು ಕೇಳುತ್ತಾನೆ, ಆ ಪ್ರಶ್ನೆಯನ್ನು ಯಾವ ಕ್ಯಾಮರಾವೂ ತೀರಿಸದು. ಸಿದ್ಧವಾದದ್ದು ಇಷ್ಟು: ಒಂದೊಂದು ನೋಟದಲ್ಲಿಯೂ ಇಲ್ಲದ ಸತ್ಯವೊಂದು ಎರಡು ನೋಟಗಳ ಸಂಬಂಧದಲ್ಲಿ ಇರಬಹುದು, ಮತ್ತು ಆ ಸತ್ಯ ನೋಡುವವನ ಇಚ್ಛೆಗೆ ಅಧೀನವಲ್ಲ.

ತುಂಗಭದ್ರೆಯ ಈ ತೀರಕ್ಕೆ ಇಂಥ ವಿಚಾರ ಹೊಸತಲ್ಲ. ವಿಜಯನಗರದ ಮೊದಲ ದೊರೆಗಳ ಕಾಲದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ 'ಸರ್ವದರ್ಶನಸಂಗ್ರಹ'ವು ಚಾರ್ವಾಕರಿಂದ ಮೊದಲುಗೊಂಡು ಬೌದ್ಧ, ಜೈನ, ರಾಮಾನುಜ, ಮಾಧ್ವ, ಶೈವ ಮೊದಲಾದ ದರ್ಶನಗಳನ್ನು ಒಂದೊಂದಾಗಿ ಅವುಗಳ ಬಲದಲ್ಲಿಯೇ ನಿಲ್ಲಿಸಿ ನಿರೂಪಿಸಿತು. ಸುಮಾರು ಒಂದೂವರೆ ಶತಮಾನದ ತರುವಾಯ ಅದೇ ಹಂಪೆಯಲ್ಲಿ ಬಾಳಿ, 1539ರಲ್ಲಿ ಆನೆಗೊಂದಿಯ ಬಳಿಯ ನವಬೃಂದಾವನದಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರು, ಅದ್ವೈತದ ಸಿದ್ಧಾಂತಗಳನ್ನು ಒಂದೊಂದಾಗಿ ಎತ್ತಿ ತೂಗಿ 'ನ್ಯಾಯಾಮೃತ'ದಲ್ಲಿ ಖಂಡಿಸಿದರು. ಆ ಖಂಡನೆ ಎಷ್ಟು ಸಮಗ್ರವಾಗಿತ್ತೆಂದರೆ, ಕಾಶಿಯಲ್ಲಿ ಮಧುಸೂದನ ಸರಸ್ವತಿಗಳು ಅದಕ್ಕೆ ಹೆಜ್ಜೆಹೆಜ್ಜೆಗೂ ಉತ್ತರವಾಗಿ 'ಅದ್ವೈತಸಿದ್ಧಿ'ಯನ್ನು ಬರೆಯಬೇಕಾಯಿತು. ಅದಕ್ಕೆ ಪ್ರತಿಯಾಗಿ ರಾಮಾಚಾರ್ಯರ 'ತರಂಗಿಣೀ', ಅದಕ್ಕೂ ಪ್ರತಿಯಾಗಿ ಬ್ರಹ್ಮಾನಂದರ ವ್ಯಾಖ್ಯಾನ, ಹೀಗೆ ವಾದ ಮುಂದುವರಿಯಿತು. ಯಾರು ಗೆದ್ದರೆಂಬುದನ್ನು ಆಯಾ ಪರಂಪರೆಯವರು ತಮತಮಗೆ ಹೇಳಿಕೊಳ್ಳಲಿ. ಅದ್ವೈತವು ತನ್ನ ಮಿಥ್ಯಾತ್ವಲಕ್ಷಣವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ವಿವರಿಸಿದ್ದು ದ್ವೈತಿಯ ಪೆಟ್ಟಿಗೆ ಉತ್ತರಿಸುವಾಗ, ದ್ವೈತವು ಭೇದವೆಂಬುದರ ಸ್ವರೂಪವನ್ನು ಅಷ್ಟು ಆಳವಾಗಿ ಶೋಧಿಸಿದ್ದು ಅದ್ವೈತಿಯನ್ನು ಎದುರಿಸುವಾಗ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ವಾದ ಪಂಡಿತರ ಮಟ್ಟದಲ್ಲಿ ನಡೆದರೆ ಗ್ರಂಥವಾಗುತ್ತದೆ. ಬೀದಿಯಲ್ಲಿ ನಡೆದರೆ ಕಲಹವಾಗುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಗಿ, ಆನೆಗೊಂದಿ ಮೊದಲಾದ ಪಟ್ಟಣಗಳ ಜೈನರು ಬುಕ್ಕರಾಯನಿಗೆ ಮೊರೆಯಿಟ್ಟಾಗ, ಅವನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವೆಣಿಸಬಾರದೆಂದು ವಿಧಿಸಿ, ಜೈನರಿಗೆ ಹಿಂದಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯ ಕಲಶಗಳ ಮರ್ಯಾದೆಯನ್ನು ಉಳಿಸಿಕೊಟ್ಟ ಸಂಗತಿ ಶ್ರವಣಬೆಳಗೊಳದ ಶಾಸನದಲ್ಲಿದೆ. ಇದನ್ನು ಮತಗಳೆಲ್ಲ ಒಂದೇ ಎಂಬ ಘೋಷಣೆಯೆಂದು ಓದುವುದು ವಾಡಿಕೆ. ನನಗೆ ಅದರಲ್ಲಿ ಬೇರೊಂದು ವಿವೇಕ ಕಾಣುತ್ತದೆ. ರಾಯನು ಜೈನರನ್ನು ವೈಷ್ಣವರಾಗಿರೆನ್ನಲಿಲ್ಲ, ವೈಷ್ಣವರನ್ನು ತಿರುಮಣಿ ಅಳಿಸಿರೆನ್ನಲಿಲ್ಲ. ಒಂದು ದರ್ಶನದ ಹಾನಿವೃದ್ಧಿಗಳನ್ನು ಮತ್ತೊಂದು ದರ್ಶನದವರು ತಮ್ಮ ಹಾನಿವೃದ್ಧಿಗಳೆಂದು ಬಗೆಯಬೇಕೆಂದನು. ಎರಡೂ ಎರಡಾಗಿಯೇ ಉಳಿದು, ಒಂದರ ರಕ್ಷಣೆ ಮತ್ತೊಂದರ ಹೊಣೆಯಾಯಿತು. ಅದಾದ ಹದಿನೇಳು ವರ್ಷಕ್ಕೆ, 1385ರಲ್ಲಿ, ಅದೇ ರಾಜಧಾನಿಯಲ್ಲಿ ಇರುಗಪ್ಪ ದಂಡನಾಥನು ಕುಂಥುನಾಥ ಚೈತ್ಯಾಲಯವನ್ನು ಕಟ್ಟಿಸಿದನು. ಗಾಣಿಗಿತ್ತಿ ಬಸದಿಯೆಂದು ಜನರು ಕರೆಯುವ ಆ ಕಟ್ಟಡವೂ ಅದರ ಮುಂದಣ ಮಾನಸ್ತಂಭವೂ ಕಂಪ್ಲಿಯ ದಾರಿಯಲ್ಲಿ ಹೋಗುವವರಿಗೆ ಇಂದಿಗೂ ಕಾಣುತ್ತವೆ.

ಮತಭೇದವನ್ನು ವಿವರಿಸಲು ಎಲ್ಲರೂ ಹೇಳುವ ಆನೆಯ ಮತ್ತು ಅಂಧರ ಕಥೆಯಲ್ಲಿ ನನಗೊಂದು ಕೊರತೆ ಕಂಡಿದೆ. ಒಬ್ಬನು ಕಾಲನ್ನು ಮುಟ್ಟಿ ಕಂಬವೆಂದನು, ಮತ್ತೊಬ್ಬನು ಕಿವಿಯನ್ನು ಮುಟ್ಟಿ ಮೊರವೆಂದನು ಎಂದು ಹೇಳುವಾತನು ಇಡಿಯ ಆನೆಯನ್ನು ತಾನು ಕಂಡವನೆಂಬ ಹಕ್ಕಿನಿಂದ ಮಾತನಾಡುತ್ತಾನೆ. ಕಥೆಯಲ್ಲಿರುವವರೆಲ್ಲ ಅಂಧರು, ಕಥೆ ಹೇಳುವವನೊಬ್ಬನೇ ಕಣ್ಣುಳ್ಳವನು. ಪರತತ್ತ್ವದ ವಿಷಯದಲ್ಲಿ ಹಾಗೆ ಹೊರಗೆ ನಿಂತು ಪೂರ್ಣವನ್ನು ಕಂಡಿದ್ದೇನೆಂದು ಹೇಳಬಲ್ಲವರು ಯಾರು? ಜೋಡಿಚಿತ್ರದ ದೃಷ್ಟಾಂತಕ್ಕೆ ಈ ಅಹಂಕಾರ ಬೇಕಾಗಿಲ್ಲ. ಅಲ್ಲಿ ಆಳವನ್ನು ಮೊದಲೇ ಕಂಡ ಮೂರನೆಯ ಕ್ಯಾಮರಾ ಯಾವುದೂ ಇಲ್ಲ. ಎಲ್ಲವೂ ಚಪ್ಪಟೆಯಾಗಿಯೇ ಕಾಣುವಂಥವು. ಎರಡು ಅಪೂರ್ಣ ನೋಟಗಳು ತಮ್ಮ ತಮ್ಮ ನೆಲೆಯನ್ನು ಪ್ರಾಮಾಣಿಕವಾಗಿ ಹೇಳಿಕೊಂಡ ಮಾತ್ರದಿಂದಲೇ, ಸರ್ವಜ್ಞನೊಬ್ಬನ ನೆರವಿಲ್ಲದೆ, ಅಪೂರ್ಣತೆಯನ್ನು ಮೀರಿದ ತಿಳಿವು ಸಾಧ್ಯವಾಗುತ್ತದೆ. ಮನುಷ್ಯರಾದ ನಮ್ಮ ಸ್ಥಿತಿಗೆ ಇದೇ ಹೆಚ್ಚು ಸಮೀಪವಾದುದು.

ಹೀಗೆಂದ ಮಾತ್ರಕ್ಕೆ ಎಲ್ಲ ನೋಟಗಳನ್ನೂ ಕಲಸಿಬಿಡಬೇಕೆಂದಲ್ಲ. ಎರಡು ಚಿತ್ರಗಳನ್ನು ಒಂದರ ಮೇಲೊಂದು ಹಾಕಿ ಒಂದೇ ಚಿತ್ರ ಮಾಡಿದರೆ ದೊರೆಯುವುದು ಆಳವಲ್ಲ, ಅಂಚು ಅಳಿಸಿದ ಮಬ್ಬು. ಪ್ರತಿಯೊಂದು ಕಣ್ಣಿಗೂ ಅದರದರ ಚಿತ್ರವೇ ಮುಟ್ಟಬೇಕು. ಕೆಂಪು ನೀಲಿ ಹಾಳೆಗಳ ಕನ್ನಡಕ ಮಾಡುವ ಕೆಲಸವೂ ಒಂದನ್ನು ಮತ್ತೊಂದರೊಳಗೆ ಸೇರಗೊಡದಿರುವುದೇ. ಎಲ್ಲ ಮತಗಳ ಸಾರವೂ ಒಂದೇ ಎಂದು ಮೂರು ವಾಕ್ಯಗಳಲ್ಲಿ ಮುಗಿಸುವ ಸಮನ್ವಯದಲ್ಲಿ ಮಧ್ವರ ಭೇದದ ಕಾಠಿಣ್ಯವೂ ಶಂಕರರ ಐಕ್ಯದ ಔನ್ನತ್ಯವೂ ಜಿನರ ವ್ರತದ ತೀಕ್ಷ್ಣತೆಯೂ ಕರಗಿಹೋಗಿ, ಯಾರಿಗೂ ಬೇಡವಾದ ಒಂದು ಸೌಜನ್ಯ ಮಾತ್ರ ಉಳಿಯುತ್ತದೆ. ಭೇದವನ್ನು ಅಳಿಸಿದ ಸಮನ್ವಯ ಸತ್ಯದ ಆಳವನ್ನೂ ಅಳಿಸುತ್ತದೆ.

ಇನ್ನು ಯಾವ ಎರಡು ನೋಟಗಳಾದರೂ ಜೋಡಿಯಾಗಬಲ್ಲುವೆಂದೂ ತಿಳಿಯಬಾರದು. ಈ ವಿದ್ಯೆಯನ್ನು ಬಲ್ಲವರು ಪಾಲಿಸುವ ನಿಯಮಗಳನ್ನು ವಿಚಾರದ ನಿಯಮಗಳಾಗಿಯೂ ಗ್ರಹಿಸಬಹುದು. ಮೊದಲನೆಯದಾಗಿ, ಎರಡು ಚಿತ್ರಗಳೂ ಒಂದೇ ನೆಲದವಾಗಿರಬೇಕು; ವಿಮಾನದಿಂದ ಚಿತ್ರ ತೆಗೆಯುವವರು ಒಂದರ ಶೇಕಡಾ 60ರಷ್ಟು ಭಾಗ ಮುಂದಿನದರಲ್ಲಿಯೂ ಬರುವಂತೆ ನೋಡಿಕೊಳ್ಳುತ್ತಾರೆ. ವ್ಯಾಸತೀರ್ಥರಿಗೂ ಮಧುಸೂದನರಿಗೂ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳೆಂಬ ಒಂದೇ ನೆಲವಿದ್ದುದರಿಂದ ಅವರ ಭೇದ ಫಲಿಸಿತು. ಎರಡನೆಯದಾಗಿ, ನೆಲೆಗಳ ಅಂತರ ತೀರ ಕಿರಿದಾಗಿರಬಾರದು, ತೀರ ಹಿರಿದಾಗಿಯೂ ಇರಬಾರದು. ಕಿರಿದಾದರೆ ಎರಡು ನೋಟಗಳೂ ಒಂದೇ ಆಗಿ ಆಳ ಹುಟ್ಟದು, ಹಿರಿದಾದರೆ ಒಂದರಲ್ಲಿ ಕಂಡ ಮುಖ ಮತ್ತೊಂದರಲ್ಲಿ ಮರೆಯಾಗಿ ಹೋಲಿಕೆಯೇ ಸಿಕ್ಕದು. ತನ್ನ ಮಾತಿಗೆ ತಲೆದೂಗುವವರೊಡನೆಯೇ ಸಂಭಾಷಿಸುವವನು ಮೊದಲನೆಯ ದೋಷಕ್ಕೂ, ಪರಿಚಯವೇ ಇಲ್ಲದ ದೂರದ ಮತವನ್ನು ಒಂದು ಪುಟ ಓದಿ ತನ್ನದರೊಡನೆ ತೂಗುವವನು ಎರಡನೆಯ ದೋಷಕ್ಕೂ ಗುರಿಯಾಗುತ್ತಾನೆ. ಮೂರನೆಯದಾಗಿ, ಬೆಳಕು ಒಂದೇ ಬಗೆಯಾಗಿರಬೇಕು. ಬೆಳಗಿನ ನೆರಳಿನ ಚಿತ್ರಕ್ಕೂ ಸಂಜೆಯ ನೆರಳಿನ ಚಿತ್ರಕ್ಕೂ ಹೊಂದಿಕೆ ಕಷ್ಟ. ಎಂದಮೇಲೆ ನಮ್ಮ ಮತದ ಆದರ್ಶವನ್ನೂ ಪರಮತದ ಆಚಾರಲೋಪವನ್ನೂ ಎದುರುಬದುರಾಗಿಟ್ಟು ತೀರ್ಪು ಹೇಳುವುದು ನ್ಯಾಯವಲ್ಲ. ಆದರ್ಶವನ್ನು ಆದರ್ಶದೊಡನೆಯೂ ಆಚಾರವನ್ನು ಆಚಾರದೊಡನೆಯೂ ನೋಡತಕ್ಕದ್ದು.

ಹುಸಿನೋಟವನ್ನು ಗುರುತಿಸುವ ಬಗೆಯೂ ಈ ವಿದ್ಯೆಯಲ್ಲಿದೆ. ಎರಡು ಕ್ಯಾಮರಾಗಳಿಂದ ಒಂದೇ ಗುರುತಿಗೆ ಹೊರಟ ಕಿರಣಗಳು ನೆಲದ ಮೇಲೆ ಒಂದೆಡೆ ಸಂಧಿಸಲೇಬೇಕು; ಗುರುತನ್ನು ತಪ್ಪಾಗಿ ಹಿಡಿದಿದ್ದರೆ ಅವು ಸಂಧಿಸದೆ ಒಂದರ ಪಕ್ಕದಲ್ಲೊಂದು ಹಾದುಹೋಗಬಹುದು. ಆಕಸ್ಮಿಕವಾಗಿ ತಪ್ಪು ಗುರುತುಗಳ ಕಿರಣಗಳೂ ಕೆಲವೊಮ್ಮೆ ಸಂಧಿಸುತ್ತವೆ. ಆಗ ಚಂದ್ರಯಾನದ ಮೂರನೆಯ ನೋಟ ಉಪಯೋಗಕ್ಕೆ ಬರುತ್ತದೆ. ಮೊದಲ ಎರಡು ಹೇಳಿದ ತಾಣಕ್ಕೆ ಅದರ ಕಿರಣವೂ ಬಂದು ಸೇರಿದರೆ ನಿರ್ಣಯ ನಿಲ್ಲುತ್ತದೆ, ಸೇರದಿದ್ದರೆ ಮತ್ತೆ ಹುಡುಕಬೇಕು. ನಮ್ಮ ಶಾಸ್ತ್ರಸಭೆಗಳಲ್ಲಿ ವಾದಿ ಪ್ರತಿವಾದಿಗಳ ಜೊತೆಗೆ ಮಧ್ಯಸ್ಥನೊಬ್ಬನು ಇರಬೇಕೆಂಬ ಕಟ್ಟಳೆಯ ಹಿಂದೆ ಇದೇ ತಿಳಿವಳಿಕೆಯಿತ್ತು. ಮಧ್ಯಸ್ಥನೆಂದರೆ ಎಲ್ಲವನ್ನೂ ಬಲ್ಲವನಲ್ಲ. ಇಬ್ಬರಿಗಿಂತ ಬೇರೆಯಾದ ನೆಲೆಯಲ್ಲಿ ನಿಂತು, ಇಬ್ಬರೂ ಒಪ್ಪಿಕೊಂಡದ್ದನ್ನೂ ಪರೀಕ್ಷಿಸಬಲ್ಲವನು. ಆದುದರಿಂದ ಎಲ್ಲ ನೋಟಗಳಿಗೂ ಬೆಲೆಯುಂಟೆಂಬ ಮಾತಿನಿಂದ ಎಲ್ಲ ಮಾತುಗಳೂ ನಿಜವೆಂಬ ಔದಾರ್ಯ ಹೊರಡುವುದಿಲ್ಲ.

ಕಡೆಯದಾಗಿ ಒಂದು ಮಿತಿಯನ್ನೂ ಹೇಳಬೇಕು. ಚಂದ್ರನ ಧ್ರುವಗಳ ಬಳಿ ಸೂರ್ಯನ ಬಿಸಿಲು ಎಂದೂ ನೇರವಾಗಿ ಇಳಿಯದ ಕುಳಿಗಳಿವೆ. ಅಲ್ಲಿ ಎರಡಲ್ಲ, ನೂರು ಕ್ಯಾಮರಾಗಳನ್ನು ತಿರುಗಿಸಿದರೂ ಹೋಲಿಸಲು ಗುರುತುಗಳು ದೊರೆಯುವುದು ದುಸ್ತರ. ಬೆಳಕಿನ ವಿದ್ಯೆ ನಿಂತು, ರೇಡಾರ್ ಮೊದಲಾದ ಬೇರೆ ವಿದ್ಯೆಗಳು ಮುಂದುವರಿಯಬೇಕಾಗುತ್ತದೆ. ವಾದವೂ ಹಾಗೆಯೇ. ತರ್ಕಕ್ಕೆ ಗುರುತು ಸಿಕ್ಕದ ಎಡೆಗಳು ಅಧ್ಯಾತ್ಮದಲ್ಲಿವೆ; ಅಲ್ಲಿ ಅನುಷ್ಠಾನ, ಭಕ್ತಿ, ಮೌನಗಳ ಅಧಿಕಾರ ಬೇರೆ. ಆದರೆ ಬೆಳಕಿರುವಷ್ಟು ನೆಲವನ್ನಾದರೂ ಎರಡು ಕಣ್ಣುಗಳಿಂದ ನೋಡದೆ, ಕತ್ತಲೆಯ ನೆಪ ಹೇಳಿ ವಿಚಾರವನ್ನೇ ಬಿಡುವುದು ಸಾಧಕನಿಗೆ ಸಲ್ಲದು.

ಇಷ್ಟು ಹೇಳಿದುದರಿಂದ ಒಂದು ಕರ್ತವ್ಯ ಹೊರಡುತ್ತದೆ. ತನ್ನ ದರ್ಶನದ ಆಳವನ್ನು ಅರಿಯಬಯಸುವವನು ಅನ್ಯದರ್ಶನವನ್ನು ಅದರ ಪೂರ್ಣಬಲದಲ್ಲಿ, ಅದನ್ನು ನಂಬಿದವರ ಮಾತಿನಲ್ಲಿ, ಉಳಿಸಿಕೊಳ್ಳಬೇಕು. ಎದುರಾಳಿಯನ್ನು ಸಹಿಸಿಕೊಳ್ಳುವ ದೊಡ್ಡತನಕ್ಕಾಗಿ ಅಲ್ಲ, ಅವನಿಲ್ಲದೆ ತನ್ನ ನೋಟ ಚಪ್ಪಟೆಯಾಗಿಯೇ ಉಳಿಯುವುದೆಂಬ ಕಾರಣಕ್ಕಾಗಿ. ನಮ್ಮ ಪಾಠಶಾಲೆಗಳಲ್ಲಿ ಪೂರ್ವಪಕ್ಷವನ್ನು ಸ್ವಪಕ್ಷದ ಗ್ರಂಥದಿಂದಲೇ ಸಂಗ್ರಹಿಸಿ ಹೇಳಿಕೊಡುವ ಅಭ್ಯಾಸ ಬೆಳೆದಿರುವೆಡೆ ಅದನ್ನು ಬಿಡಬೇಕು. 'ನ್ಯಾಯಾಮೃತ'ವನ್ನೂ 'ಅದ್ವೈತಸಿದ್ಧಿ'ಯನ್ನೂ ಒಂದೇ ಸಂಪುಟದಲ್ಲಿ ಕೂಡಿಸಿ ಅಚ್ಚುಹಾಕಿದ ಆವೃತ್ತಿಗಳು ಹಿಂದೆಯೇ ಬಂದಿವೆ. ಮಠಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಅವೆರಡನ್ನೂ ಒಂದೇ ಮೇಜಿನ ಮೇಲಿಟ್ಟು, ಒಂದನ್ನು ಆ ಸಂಪ್ರದಾಯದ ವಿದ್ವಾಂಸರೂ ಮತ್ತೊಂದನ್ನು ಈ ಸಂಪ್ರದಾಯದ ವಿದ್ವಾಂಸರೂ ಒಂದೇ ವಿದ್ಯಾರ್ಥಿಗೆ ಪಾಠ ಹೇಳುವಂತಾಗಬೇಕು. ಬಸದಿಯ ಪಂಡಿತರೂ ಆ ಸಭೆಗೆ ಬರಬೇಕು. ಎರಡನ್ನೂ ಕೂಡಿಸಿ ನೋಡುವ ಶ್ರಮ ವಿದ್ಯಾರ್ಥಿಯದು. ಅದನ್ನು ಅವನ ಪರವಾಗಿ ಯಾವ ಗುರುವೂ ಮಾಡಿಕೊಡಲಾರನು, ಮಾಡಿಕೊಡಲೂ ಬಾರದು.